ಹಸಿ ಹಾಲಿನ ಚೀಸ್: ಕೊಟ್ಟಿಗೆಯಿಂದ ತಟ್ಟೆಯವರೆಗೆ ಎಲ್ಲೆಲ್ಲಿ ಎಚ್ಚರ ಬೇಕು

ಮನೆಯಲ್ಲಿ ಚೀಸ್ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಾಲು ಕಾಯಿಸಬೇಕೇ, ಬೇಡವೇ? ಪನೀರು ಮಾಡುವಾಗ ಈ ಗೊಂದಲವಿಲ್ಲ. ಉಕ್ಕುವ ಹಾಲಿಗೆ ನಿಂಬೆರಸ ಹಿಂಡಿದರೆ ಒಡೆಯುತ್ತದೆ, ಬಟ್ಟೆಗೆ ಸುರಿದು ಕಟ್ಟಿದರೆ ಕೆಲಸ ಮುಗಿಯಿತು. ಚೀಸ್ ಹಾಗಲ್ಲ. ಅದಕ್ಕೆ ಹಾಲನ್ನು ಉಗುರುಬೆಚ್ಚಗೆ, ಸುಮಾರು 32 ಡಿಗ್ರಿಗೆ ತಂದು ರೆನೆಟ್ (ಹಾಲನ್ನು ಗಡ್ಡೆಕಟ್ಟಿಸುವ ಕಿಣ್ವ) ಹಾಕಬೇಕು. ಚೆನ್ನಾಗಿ ಕುದಿಸಿ ಆರಿಸಿದ ಹಾಲಿಗೆ ರೆನೆಟ್ ಹಾಕಿ ನೋಡಿ, ಎಷ್ಟು ಹೊತ್ತು ಕಾದರೂ ತೆಳು ಗಂಜಿಯಂತೆ ನಿಂತಿರುತ್ತದೆ. ಆಗ ಯಾರೋ ಹೇಳುತ್ತಾರೆ, ‘ಹಸಿ ಹಾಲೇ ಆಗಬೇಕು, ಅದರಲ್ಲೇ ರುಚಿ’. ಹಿಂಡಿದ ಹಾಲು ಒಲೆಯ ಮುಖ ನೋಡದೆ ಚೀಸ್ ಆಗುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ದಾವಣಗೆರೆಯಲ್ಲಿ ನಮ್ಮ ಮನೆ, ಅಕ್ಕನ ಮನೆ ಚಳ್ಳಕೆರೆ ಕಡೆ. ಅವರ ರೊಪ್ಪದಲ್ಲಿ ಕುರಿಗಳ ಜೊತೆ ಏಳೆಂಟು ಆಡುಗಳಿದ್ದವು. ಹೊಸದಾಗಿ ಚೀಸ್ ಕಲಿತ ಹುಮ್ಮಸ್ಸಿನಲ್ಲಿ ಆ ಆಡುಗಳ ಹಸಿ ಹಾಲಿನಿಂದ ಮೆತ್ತನೆಯ ಚೀಸ್ ಮಾಡಿ, ಹಸಿಮೆಣಸಿನಕಾಯಿ, ಜೀರಿಗೆ ಬೆರೆಸಿ ಎಲ್ಲರಿಗೂ ಹಂಚಿದೆ. ಸುಮಾರು ಒಂದು ತಿಂಗಳ ಮೇಲೆ ಭಾವನಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುವಷ್ಟು ಚೆನ್ನಾಗಿರುತ್ತಿದ್ದರು, ಸಂಜೆಯಾದರೆ ಮೈ ಕಾಯುತ್ತಿತ್ತು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟ ಹಿಡಿದುಕೊಂಡು ಏಳಬೇಕು. ಟೈಫಾಯಿಡ್ ಎಂದು ಎರಡು ಸಲ ಔಷಧಿ ನಡೆಯಿತು. ಎರಡು ತಿಂಗಳ ಮೇಲೆ ಒಬ್ಬ ವೈದ್ಯರು, ‘ಯಜಮಾನರೇ, ಮನೆಯಲ್ಲಿ ಆಡು, ಕುರಿ ಸಾಕಿದ್ದೀರಾ?’ ಎಂದು ಕೇಳಿದರು. ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಬ್ರುಸೆಲ್ಲಾ, ನಮ್ಮ ಕಡೆ ದನಗಳಲ್ಲಿ ಕಂದುರೋಗ ಎನ್ನುತ್ತೇವಲ್ಲ, ಅದೇ. ಭಾವ ನೊರೆಹಾಲು ಕುಡಿಯುತ್ತಿದ್ದರು, ಈಯುವ ಆಡುಗಳಿಗೆ ಬರಿಗೈಯಲ್ಲೇ ಹೆರಿಗೆ ಮಾಡಿಸುತ್ತಿದ್ದರು, ನನ್ನ ಚೀಸನ್ನೂ ತಿಂದಿದ್ದರು. ಮೂರರಲ್ಲಿ ಯಾವುದರಿಂದ ಬಂತೆಂದು ಹೇಳಲಾಗದು. ನನ್ನ ಪಾಲಿಗೆ ಆ ಮೂರನೆಯದೇ ಸಾಕಾಯಿತು.

ಅಲ್ಲಿಂದೀಚೆಗೆ ನಾನು ಚೀಸ್ ಮಾಡುವುದನ್ನು ಬಿಡಲಿಲ್ಲ, ಮಾಡುವ ಕ್ರಮವನ್ನು ಬದಲಿಸಿದೆ. ಆ ಕ್ರಮವೇ ಈ ಬರಹ.

ಮೊದಲು ಶತ್ರುಗಳ ಪರಿಚಯ

ಹಸಿ ಹಾಲಿನಲ್ಲಿ ಬರುವ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಬಗೆಯವಲ್ಲ. ಒಂದೊಂದರ ದಾರಿ ಒಂದೊಂದು. ಬ್ರುಸೆಲ್ಲಾ ಮತ್ತು ದನದ ಕ್ಷಯರೋಗದ ಬ್ಯಾಕ್ಟೀರಿಯಾ ಪ್ರಾಣಿಯ ಮೈಯೊಳಗಿಂದಲೇ ಹಾಲಿಗೆ ಇಳಿಯುತ್ತವೆ. ಹಿಂಡುವವರು ಎಷ್ಟೇ ಶುಚಿಯಾಗಿದ್ದರೂ ಅವು ತಪ್ಪುವುದಿಲ್ಲ. ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಇ-ಕೋಲಿಯ ವಿಷಕಾರಿ ತಳಿಗಳು ಸಗಣಿಯಿಂದ ಕೆಚ್ಚಲಿಗೆ, ಕೆಚ್ಚಲಿನಿಂದ ಪಾತ್ರೆಗೆ ಬರುತ್ತವೆ. ಸ್ಟ್ಯಾಫಿಲೊಕಾಕಸ್ ಕೆಚ್ಚಲು ಬಾವಿನಿಂದಲೂ ಬರಬಹುದು, ಹಿಂಡುವವರ ಬೆರಳಿನ ಗಾಯದಿಂದಲೂ ಬರಬಹುದು.

ಇವೆಲ್ಲದರಲ್ಲಿ ಚೀಸಿನ ಮಟ್ಟಿಗೆ ನಾನು ಹೆಚ್ಚು ಹೆದರುವುದು ಲಿಸ್ಟೀರಿಯಾಕ್ಕೆ. ಮಣ್ಣು, ಚರಂಡಿ, ಒದ್ದೆ ನೆಲ, ಕೆಟ್ಟ ಮೇವು, ಎಲ್ಲ ಕಡೆಯೂ ಅದು ಬದುಕುತ್ತದೆ. ಉಪ್ಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ಬೇರೆಯವು ಫ್ರಿಜ್ಜಿನಲ್ಲಿ ತೂಕಡಿಸಿದರೆ ಇದು ಅಲ್ಲಿಯೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಗರ್ಭಿಣಿಗೆ ಬಂದರೆ ಆಕೆಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೇ ಕಾಣಿಸಬಹುದು. ಪೆಟ್ಟು ಬೀಳುವುದು ಹೊಟ್ಟೆಯೊಳಗಿನ ಮಗುವಿಗೆ. 1985ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಮೆಕ್ಸಿಕೊ ಶೈಲಿಯ ಮೆತ್ತನೆಯ ಚೀಸಿನಿಂದ ಲಿಸ್ಟೀರಿಯಾ ಹರಡಿದಾಗ 142 ಪ್ರಕರಣಗಳು ಪತ್ತೆಯಾದವು. ಹುಟ್ಟುವ ಮೊದಲೇ ಸತ್ತ ಶಿಶುಗಳನ್ನೂ ಸೇರಿಸಿದರೆ 48 ಸಾವು. ಅದೇನು ಗುಡಿಸಲಿನಲ್ಲಿ ಮಾಡಿದ ಚೀಸಲ್ಲ, ಕಾರ್ಖಾನೆಯದು. ಪಾಶ್ಚರೀಕರಿಸಿದ, ಅಂದರೆ ಬ್ಯಾಕ್ಟೀರಿಯಾ ಸಾಯುವಷ್ಟು ಬಿಸಿಮಾಡಿದ ಹಾಲಿಗೆ ಹಸಿ ಹಾಲು ಬೆರೆತಿತ್ತು ಎಂಬ ಅಂಶ ತನಿಖೆಯಲ್ಲಿ ಹೊರಬಂತು.

ಬ್ರುಸೆಲ್ಲಾದ ಕಥೆ ಇನ್ನೂ ಹಳೆಯದು. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಜ್ವರದಲ್ಲಿ ನರಳುತ್ತಿದ್ದರು. 1887ರಲ್ಲಿ ಸೇನಾ ವೈದ್ಯ ಡೇವಿಡ್ ಬ್ರೂಸ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರೂ ಅದು ಎಲ್ಲಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ನೋಡಲು ಆರೋಗ್ಯವಾಗಿಯೇ ಇದ್ದ ಆಡುಗಳ ಹಾಲಿನಿಂದ ಎಂದು ತೋರಿಸಿಕೊಟ್ಟವರು ಅದೇ ದ್ವೀಪದ ವೈದ್ಯ ಥೆಮಿಸ್ಟೊಕ್ಲಿಸ್ ಝಾಮಿಟ್. ‘ನಮ್ಮ ಆಡು ಗಟ್ಟಿಮುಟ್ಟಾಗಿದೆ’ ಎಂಬ ಮಾತಿಗೆ ಬೆಲೆ ಎಷ್ಟೆಂದು ಇದರಿಂದಲೇ ಗೊತ್ತಾಗುತ್ತದೆ.

ಹೆಜ್ಜೆ 1: ಹಾಲಿಗಿಂತ ಮೊದಲು ಹಾಲು ಕೊಡುವ ಪ್ರಾಣಿಯನ್ನು ವಿಚಾರಿಸಿ

ಪ್ಯಾಕೆಟ್ ಹಾಲಿನಲ್ಲಿ ಮಾಡುವುದಾದರೆ ಈ ಹೆಜ್ಜೆಯನ್ನೂ ಮೂರನೆಯದನ್ನೂ ದಾಟಿ ಮುಂದೆ ಹೋಗಬಹುದು. ನಮ್ಮಲ್ಲಿಗೆ ಬರುವ ನಂದಿನಿ ಹಾಲು ಪಾಶ್ಚರೀಕರಣವಾಗಿಯೇ ಬರುತ್ತದೆ.

ಹಳ್ಳಿಯಿಂದ ನೇರವಾಗಿ ಹಾಲು ತರುವವರು ಕೊಟ್ಟಿಗೆಯವರನ್ನು ಮೂರು ಸಂಗತಿ ಕೇಳಬೇಕು. ಈ ವರ್ಷ ಯಾವುದಾದರೂ ಕಂದು ಹಾಕಿದೆಯೇ, ಅಂದರೆ ಗರ್ಭಪಾತವಾಗಿದೆಯೇ? ಕೆಚ್ಚಲು ಬಾವು ಬಂದಿತ್ತೇ, ಅದಕ್ಕೆ ಚುಚ್ಚುಮದ್ದು ನಡೆಯುತ್ತಿದೆಯೇ? ಕರುವಾಗಿದ್ದಾಗ ಕಂದುರೋಗದ ಲಸಿಕೆ ಹಾಕಿಸಿದ್ದರೇ? ಮೊದಲನೆಯದಕ್ಕೆ ‘ಹೌದು’ ಎಂದರೆ ಪರೀಕ್ಷೆ ಆಗುವವರೆಗೆ ಆ ಮನೆಯ ಹಾಲನ್ನು ಚೀಸಿಗೆ ತರಬೇಡಿ. ಕೇಳಲು ಸಂಕೋಚ ಎನ್ನುವವರಿದ್ದಾರೆ. ‘ಅಕ್ಕಾ, ಕಂದು ಗಿಂದು ಏನಾದರೂ ಹಾಕಿತ್ತಾ?’ ಎಂದು ಕಾಫಿ ಕುಡಿಯುತ್ತಾ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಡು, ಕುರಿಯ ಹಾಲಾದರೆ ಇನ್ನೂ ಬಿಗಿಯಾಗಿರಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಂದುರೋಗದ ಲಸಿಕೆ ಹಾಕುವುದು ಹಸು, ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ. ಆಡು, ಕುರಿಗಳಲ್ಲಿ ಇರುವ ಬ್ರುಸೆಲ್ಲಾ ತಳಿಯೋ ಮನುಷ್ಯರನ್ನು ಹೆಚ್ಚು ಕಾಡುವಂಥದ್ದು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಜಗಳೂರು ಕಡೆಯ ಕುರಿಗಾಹಿ ಮನೆಗಳವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಹೆಜ್ಜೆ 2: ಹಿಂಡಿದ ಹಾಲು ಒಲೆಗೆ ಬರುವ ಹಾದಿ

ಅನುಕೂಲವಾದ ಬಿಸಿಯಲ್ಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು ಇದ್ದದ್ದು ನಾಲ್ಕು ಗಂಟೆಯಲ್ಲಿ 4,096. ಏಪ್ರಿಲ್ ಬಿಸಿಲಿನಲ್ಲಿ ಹಾಲಿನ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಜಗಳೂರಿನಿಂದ ದಾವಣಗೆರೆಗೆ ಬಂದು, ನಡುವೆ ಒಂದು ಮದುವೆ ಮನೆಗೂ ಹೋಗಿ ಬಂದರೆ ಲೆಕ್ಕ ನೀವೇ ಹಾಕಿ. ಹಿಂಡಿದ ಎರಡು ಗಂಟೆಯೊಳಗೆ ಹಾಲು ಒಲೆಯ ಮೇಲಿರಬೇಕು, ಇಲ್ಲವೇ ಮಂಜುಗಡ್ಡೆಯ ನೀರಿನಲ್ಲಿ ಕ್ಯಾನು ಇಟ್ಟು 4 ಡಿಗ್ರಿಯ ಸಮೀಪಕ್ಕೆ ತಣಿಸಿರಬೇಕು.

ಆಮೇಲೆ ಕಾಯಿಸುತ್ತೇವಲ್ಲ, ಈಗ ಯಾಕೆ ಅವಸರ ಎನ್ನಬಹುದು. ಇಲ್ಲೇ ಸ್ಟ್ಯಾಫಿಲೊಕಾಕಸ್‌ನ ಕಿತಾಪತಿ ಇರುವುದು. ಅದು ಬೆಳೆಯುವಾಗ ಹಾಲಿನೊಳಗೆ ವಿಷ ಬಿಡುತ್ತದೆ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಬೆಂಕಿಯಿಂದ ಸರಿಮಾಡಲಾಗದ ತಪ್ಪು ಇದು, ಆದ್ದರಿಂದ ಒಲೆಗೆ ಮುಂಚೆಯೇ ಇದನ್ನು ತಡೆಯಬೇಕು.

ಹೆಜ್ಜೆ 3: ಕಾಯಿಸುವುದು, ಆದರೆ ಕುದಿಸುವುದಲ್ಲ

ಪಾಶ್ಚರೀಕರಣ ಎಂದರೆ ಕುದಿಸುವುದೆಂದು ತಿಳಿದವರೇ ಹೆಚ್ಚು. ಅಲ್ಲ. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಹಿಡಿದಿಡುವುದು ಒಂದು ಕ್ರಮ, 72 ಡಿಗ್ರಿಯಲ್ಲಿ 15 ಸೆಕೆಂಡು ಇನ್ನೊಂದು. ಎರಡನೆಯದು ಯಂತ್ರವಿರುವ ಡೇರಿಗಳಿಗೆ. ಮನೆಗೆ ಮೊದಲನೆಯದೇ ಸರಿ. ಈ ಬಿಸಿಗೆ ಬ್ರುಸೆಲ್ಲಾ, ಲಿಸ್ಟೀರಿಯಾ, ಕ್ಷಯದ ಬ್ಯಾಕ್ಟೀರಿಯಾ ಎಲ್ಲವೂ ಸಾಯುತ್ತವೆ, ರೆನೆಟ್ ಹಾಕಿದರೆ ಹಾಲು ಹೆಪ್ಪುಗಟ್ಟುವ ಗುಣವೂ ಉಳಿಯುತ್ತದೆ. ಚೀಸ್ ಆಗುವುದಿಲ್ಲ ಎಂದು ಹೆದರಿ ಹಸಿ ಹಾಲಿಗೆ ಕೈಹಾಕಿದವರು ಗಮನಿಸದೆ ಹೋದದ್ದು ಕುದಿಗೂ ಹಸಿಗೂ ನಡುವೆ ಇರುವ ಈ ಜಾಗವನ್ನು.

ಒಂದು ಡಿಜಿಟಲ್ ಥರ್ಮಾಮೀಟರ್ ಬೇಕೇ ಬೇಕು. ಬೆರಳು ಅದ್ದಿ ಹೇಳುವ ಕೆಲಸವಲ್ಲ ಇದು. ತಂದ ದಿನವೇ ಕುದಿಯುವ ನೀರಿಗೆ ಅದರ ಕಡ್ಡಿ ಅದ್ದಿ ಪರೀಕ್ಷಿಸಿ. ನನ್ನದು 98 ತೋರಿಸಿದಾಗ ಕೆಟ್ಟದ್ದೆಂದು ಅಂಗಡಿಗೆ ಮರಳಿಸಲು ಹೊರಟಿದ್ದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98ಕ್ಕೆ. ಥರ್ಮಾಮೀಟರ್ ಸರಿಯಾಗಿಯೇ ಇತ್ತು.

ದೊಡ್ಡ ದಬರಿಯಲ್ಲಿ ನೀರಿಟ್ಟು ಅದರೊಳಗೆ ಹಾಲಿನ ಸ್ಟೀಲ್ ಪಾತ್ರೆ ಇಳಿಸಿ. ನೇರ ಬೆಂಕಿಗಿಟ್ಟರೆ ತಳ ಹತ್ತುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಸೌಟಿನಿಂದ ನಿಧಾನವಾಗಿ ಕಲಕುತ್ತಿರಿ. ಹಾಲಿನ ನಡುವೆ, ಅಂಚಿನಲ್ಲಿ, ಮೇಲ್ಭಾಗದಲ್ಲಿ ಮೂರೂ ಕಡೆ ಅಳೆದು 63 ದಾಟಿದ ಮೇಲೆ ಗಡಿಯಾರ ನೋಡಿ. ನಾನು ಒಂದೆರಡು ಡಿಗ್ರಿ ಹೆಚ್ಚಾಗಿ 65ರಲ್ಲಿ ಹಿಡಿಯುತ್ತೇನೆ, ಚೀಸಿಗೆ ಏನೂ ತೊಂದರೆಯಾಗಿಲ್ಲ. ನಡುವೆ ಒಮ್ಮೆ 61ಕ್ಕೆ ಇಳಿದರೆ ಮತ್ತೆ ಮೊದಲಿನಿಂದ 30 ನಿಮಿಷ ಎಣಿಸಬೇಕು, ರಿಯಾಯಿತಿ ಇಲ್ಲ. ಮೇಲಿನ ನೊರೆಯ ಮೇಲೂ ಕಣ್ಣಿರಲಿ: ಕೆಳಗೆ ಹಾಲು 65 ಇದ್ದಾಗ ನೊರೆ ಅದಕ್ಕಿಂತ ತಣ್ಣಗಿರುತ್ತದೆ. ಅದನ್ನು ತೆಗೆದುಬಿಡಿ, ಅಥವಾ ಮುಚ್ಚಳ ಹಾಕಿ ಆವಿಯಲ್ಲಿ ಬಿಸಿಯಾಗಲು ಬಿಡಿ. ಸೌಟೂ ಅಷ್ಟೇ. ಹಸಿ ಹಾಲನ್ನು ಕಲಕಿದ ಸೌಟು ಕೊನೆಯವರೆಗೂ ಅದೇ ಹಾಲಿನೊಳಗಿರಲಿ, ಕಟ್ಟೆಯ ಮೇಲಿಟ್ಟು ಮತ್ತೆ ಅದ್ದಬೇಡಿ.

ಅರ್ಧ ಗಂಟೆ ಮುಗಿದ ತಕ್ಷಣ ಪಾತ್ರೆಯನ್ನು ತಣ್ಣೀರಿನ ತೊಟ್ಟಿಗೆ ಇಳಿಸಿ, ಎರಡು ಮೂರು ಸಲ ನೀರು ಬದಲಿಸಿ ಬೇಗ 32ಕ್ಕೆ ತನ್ನಿ.

ಹೆಜ್ಜೆ 4: ಹೆಪ್ಪು ಮತ್ತು ರೆನೆಟ್

ನಾಲ್ಕು ಲೀಟರ್ ಹಾಲಿಗೆ ಕಾಲು ಚಮಚ ಆಹಾರ ದರ್ಜೆಯ ಕ್ಯಾಲ್ಸಿಯಂ ಕ್ಲೋರೈಡನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಹಾಕಿದರೆ, ಕಾಯಿಸಿದ್ದರಿಂದ ಕುಗ್ಗಿದ ಗಟ್ಟಿತನ ಮರಳುತ್ತದೆ. ಹೆಪ್ಪಿಗೆ ಹಿಂದಿನ ರಾತ್ರಿ ಕುದಿಸಿದ ಹಾಲಿನಿಂದ ಹಾಕಿದ ಹೊಸ ಮೊಸರು ಸಾಕು. ರೆನೆಟ್ ಪ್ರಮಾಣ ಸೀಸೆಯ ಮೇಲಿರುವಂತೆಯೇ.

ಹೆಪ್ಪಿನ ಕೆಲಸ ರುಚಿ ಕೊಡುವುದಷ್ಟೇ ಅಲ್ಲ, ಹುಳಿ ಮಾಡಿ ಬೇರೆ ಬ್ಯಾಕ್ಟೀರಿಯಾಗಳಿಗೆ ಜಾಗ ಕೊಡದಿರುವುದೂ ಹೌದು. ಹೆಪ್ಪು ಕೈಕೊಟ್ಟರೆ ಬೆಚ್ಚಗಿನ ಹಾಲು ಖಾಲಿ ಮನೆಯಿದ್ದಂತೆ, ಯಾರು ಬೇಕಾದರೂ ಬಂದು ಸೇರುತ್ತಾರೆ. ಒಂದು ರಾತ್ರಿ ಕಳೆದರೂ ಹುಳಿಯೇರದ ಗಡ್ಡೆಯನ್ನು ಉಳಿಸಿಕೊಳ್ಳಬೇಡಿ. ಬಟ್ಟೆ ಬಿಚ್ಚಿದಾಗ ಇಡ್ಲಿಯಂತೆ ಉಬ್ಬಿ, ಕೊಯ್ದರೆ ಒಳಗೆಲ್ಲ ಸಣ್ಣ ಸಣ್ಣ ತೂತು ಕಂಡರೆ ಅದನ್ನೂ ಎಸೆಯಿರಿ. ಅದು ಸಗಣಿ ಮೂಲದ ಬ್ಯಾಕ್ಟೀರಿಯಾಗಳು ಬಿಟ್ಟ ಗಾಳಿ ಇರಬಹುದು. ನಾಯಿಗೂ ಹಾಕಬೇಡಿ. ಹಾಗೆಂದು ಉಬ್ಬದ ಚೀಸ್ ಒಳ್ಳೆಯದೆಂದು ಅರ್ಥವಲ್ಲ. ಲಿಸ್ಟೀರಿಯಾ ಇರುವ ಚೀಸಿಗೆ ಕೆಟ್ಟ ವಾಸನೆಯಿಲ್ಲ, ಬಣ್ಣವಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ.

ಹೆಜ್ಜೆ 5: ಕಾಯಿಸಿದ ಮೇಲಿನ ಕೈ, ಬಟ್ಟೆ, ನೀರು

ಕಾಯಿಸಿದ ಹಾಲಿಗೆ ಮತ್ತೆ ಕಾವಲು ಯಾಕೆ ಎಂದುಕೊಳ್ಳುವ ಹೊತ್ತಿಗೇ ಎಲ್ಲ ಕೆಡುತ್ತದೆ. ಪನೀರಿನ ಕಥೆಯೂ ಇದೇ. ಹಾಲು ಕುದಿದಿರುತ್ತದೆ, ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ತೂಗುಹಾಕಿದ್ದ ಬಟ್ಟೆಗೆ ಸುರಿದು, ಬೋರ್‌ವೆಲ್ ನೀರಿನಲ್ಲಿ ತೊಳೆದು, ಒರಳುಕಲ್ಲಿನ ಕೆಳಗಿಟ್ಟು ಒತ್ತುತ್ತೇವೆ.

ಮಲ್ ಬಟ್ಟೆಯನ್ನು ಪ್ರತಿ ಸಲ ಹತ್ತು ನಿಮಿಷ ಕುದಿಸಿ, ಇಕ್ಕಳದಲ್ಲಿ ಎತ್ತಿ ಹಾಗೆಯೇ ಬಳಸಿ. ಒಣಗಿಸಲು ಹೊರಗೆ ಹಾಕಿ ಧೂಳು ಹಿಡಿಸಬೇಡಿ. ಚೀಸನ್ನು ತೊಳೆಯುವ, ಉಪ್ಪುನೀರು ಮಾಡುವ, ಮುಳುಗಿಸಿಡುವ ನೀರೆಲ್ಲ ಕುದಿಸಿ ಆರಿಸಿದ್ದಾಗಿರಲಿ. ಮರದ ಹಲಗೆ ಬೇಡ, ಸ್ಟೀಲ್ ತಟ್ಟೆ ಸಾಕು. ಹಸಿ ಹಾಲು ಮುಟ್ಟಿದ ಪಾತ್ರೆ ಕಟ್ಟೆಯ ಆ ತುದಿಗೆ, ಕಾಯಿಸಿದ ಹಾಲಿನದು ಈ ತುದಿಗೆ. ಬೆರಳಿಗೆ ಗಾಯವೋ ಉಗುರುಸುತ್ತೋ ಆಗಿದ್ದರೆ, ಭೇದಿ ನಿಂತು ಎರಡು ದಿನ ಆಗಿಲ್ಲದಿದ್ದರೆ, ಆ ದಿನ ಚೀಸ್ ಮಾಡಬೇಡಿ.

ಹೆಜ್ಜೆ 6: ಇಡುವುದು

ಮೆತ್ತನೆಯ ಚೀಸನ್ನು 4 ಡಿಗ್ರಿಯಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಮುಗಿಸಿ. ಡಬ್ಬಿಯ ಮೇಲೆ ಮಾಡಿದ ದಿನಾಂಕ ಬರೆಯಿರಿ. ಫ್ರಿಜ್ಜಿನ ಬಾಗಿಲ ಬದಿಯಲ್ಲಿ ಇಡಬೇಡಿ. ಮಧ್ಯಾಹ್ನವೆಲ್ಲ ಕರೆಂಟ್ ಹೋಗಿದ್ದ ದಿನ ಅದನ್ನು ಉಪ್ಪಿಟ್ಟಿಗೋ ಪಲ್ಯಕ್ಕೋ ಹಾಕಿ ಚೆನ್ನಾಗಿ ಬೇಯಿಸಿ ಖಾಲಿ ಮಾಡಿಬಿಡುವುದು ವಾಸಿ ಎಂದು ಮೊದಲು ಬರೆದಿದ್ದೆ. ಸ್ಟ್ಯಾಫಿಲೊಕಾಕಸ್ ನೆನಪಾಗಿ ಹೊಡೆದುಹಾಕಿದೆ. ಎರಡು ಗಂಟೆಗೂ ಹೆಚ್ಚು ಹೊತ್ತು ಬೆಚ್ಚಗಾಗಿದ್ದರೆ ಎಸೆಯಿರಿ. ಫ್ರೀಜರ್ ಕೂಡ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ.

ಹಸಿ ಹಾಲಿನ ಚೀಸನ್ನು 60 ದಿನ ಹಣ್ಣಾಗಿಸಿದರೆ ಸುರಕ್ಷಿತ ಎಂಬ ಮಾತು ಅಮೆರಿಕದ ನಿಯಮದಿಂದ ಬಂದದ್ದು. ಗಟ್ಟಿ ಚೀಸಿನಲ್ಲಿ ನೀರಿನಂಶ ಕಡಿಮೆಯಾಗಿ, ಉಪ್ಪು, ಹುಳಿ ಸೇರಿ ಅಪಾಯ ತಗ್ಗುವುದು ನಿಜ. ಆದರೆ ಇ-ಕೋಲಿಯ ವಿಷಕಾರಿ ತಳಿ ಆ ಅವಧಿಯನ್ನೂ ಮೀರಿ ಬದುಕಿರುವುದು ಕಂಡುಬಂದಿದೆ. ಯುರೋಪಿನಲ್ಲಿ ಹಸಿ ಹಾಲಿನ ಚೀಸ್ ತಲೆಮಾರುಗಳಿಂದ ನಡೆದುಬಂದಿದೆಯಲ್ಲ ಎಂದು ವಾದಿಸುವವರಿಗೆ ನಾನು ಹೇಳುವುದಿಷ್ಟು: ಅಲ್ಲಿ ಹಿಂಡಿನ ಪರೀಕ್ಷೆ, ತಂಪು ನೆಲಮಾಳಿಗೆ, ಪ್ರಯೋಗಾಲಯದ ವರದಿ ಚೀಸಿನ ಹಿಂದೆ ನಿಂತಿರುತ್ತವೆ. ನನ್ನ ಹಿಂದೆ ನಿಂತಿರುವುದು ಇನ್ವರ್ಟರ್ ಇಲ್ಲದ ಒಂದು ಫ್ರಿಜ್.

ಕೊಳ್ಳುವವರಿಗೆ

ಪೊಟ್ಟಣದ ಮೇಲೆ ‘ಪಾಶ್ಚರೀಕರಿಸಿದ ಹಾಲು’ ಎಂದು ಇದೆಯೇ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ನೋಡಿ. ಬಿಡಿ ಪನೀರು ಕೊಳ್ಳುವಾಗ ಅಯೋಡಿನ್ ಹನಿ ಹಾಕಿ ಪಿಷ್ಟ ಪರೀಕ್ಷಿಸುವ ಉತ್ಸಾಹ ಈಗ ಎಲ್ಲೆಡೆ ಕಾಣುತ್ತದೆ. ಅದು ಕಲಬೆರಕೆ ಹೇಳುತ್ತದೆ, ಬ್ಯಾಕ್ಟೀರಿಯಾ ಹೇಳುವುದಿಲ್ಲ. ಅದಕ್ಕಿಂತ ಆ ಪನೀರು ತೇಲುತ್ತಿರುವ ಬಕೆಟ್ಟಿನ ನೀರನ್ನೂ ಅದರೊಳಗೆ ಇಳಿಯುವ ಕೈಯನ್ನೂ ನೋಡಿ. ತಂದ ಬಿಡಿ ಪನೀರನ್ನು ಹಸಿಯಾಗಿ ತಿನ್ನದೆ, ತುಂಡಿನ ಒಳಗೂ ಹೊಗೆಯಾಡುವಷ್ಟು ಬೇಯಿಸಿ.

ನಮ್ಮೂರಿನಲ್ಲಿ ಬೆಣ್ಣೆಯ ಮಾತೆತ್ತದೆ ಮುಗಿಸುವಂತಿಲ್ಲ. ಕಾಯಿಸಿದ ಹಾಲಿನ ಮೊಸರು ಕಡೆದು ತೆಗೆದ ಬೆಣ್ಣೆ ಬೇರೆ, ಹಸಿ ಹಾಲಿನ ಕೆನೆಯನ್ನು ಯಂತ್ರದಲ್ಲಿ ಬೇರ್ಪಡಿಸಿ ತೆಗೆದದ್ದು ಬೇರೆ. ಕಾವಲಿಯ ಮೇಲೆ ಚೊರ್ ಎಂದು ಬೆಂದ ಬೆಣ್ಣೆಗೆ ಭಯವಿಲ್ಲ. ದೋಸೆ ತಟ್ಟೆಗೆ ಬಂದ ಮೇಲೆ ಇಡುವ ಆ ಬಿಳಿ ಉಂಡೆ ಇದೆಯಲ್ಲ, ಅದು ಕರಗುತ್ತದೆ, ಬೇಯುವುದಿಲ್ಲ. ಬಸುರಿ ಹೆಂಗಸರು ಆ ಉಂಡೆ ಎಂಥ ಹಾಲಿನದೆಂದು ಗೊತ್ತಿಲ್ಲದಿದ್ದರೆ ಬದಿಗಿಡಲಿ. ತುಪ್ಪಕ್ಕೆ ಈ ಚಿಂತೆಯಿಲ್ಲ. ಗಿಣ್ಣಿಗೂ ಇಲ್ಲ, ಹಬೆಯಲ್ಲಿ ನಡುವಿನವರೆಗೂ ಬೆಂದಿದ್ದರೆ.

ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಡಯಾಲಿಸಿಸ್ ಅಥವಾ ಅಂಗಾಂಗ ಕಸಿ ಆದವರು ಹಸಿ ಹಾಲಿನ ಯಾವ ಚೀಸನ್ನೂ ಮುಟ್ಟಬಾರದು, ಅದು ಎಷ್ಟೇ ದುಬಾರಿಯದಾಗಿದ್ದರೂ.

ತಿಂದ ಮೇಲೆ ಏನಾದರೂ ಆದರೆ

ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಸ್ಟ್ಯಾಫಿಲೊಕಾಕಸ್‌ನ ವಿಷ ಇರಬಹುದು, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಒಂದೆರಡು ದಿನದ ಮೇಲೆ ಜ್ವರ, ಹೊಟ್ಟೆನೋವು, ಭೇದಿ ಬಂದರೆ ಸಾಲ್ಮೊನೆಲ್ಲಾದಂಥವು. ಓಆರ್‌ಎಸ್ ಕೊಡುತ್ತಾ ಇರಿ. ಮಗುವಿಗೆ ರಕ್ತಭೇದಿಯಾದರೆ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ ಆ್ಯಂಟಿಬಯೋಟಿಕ್ಕನ್ನಾಗಲಿ ನೀವಾಗಿಯೇ ಕೊಡದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆಮೇಲಿನ ಒಂದು ವಾರ ಮೂತ್ರ ಕಡಿಮೆಯಾಗುತ್ತಿದೆಯೇ, ಮುಖ ಬಿಳಿಚುತ್ತಿದೆಯೇ ಗಮನಿಸಿ. ಇ-ಕೋಲಿ ಮೂತ್ರಪಿಂಡಕ್ಕೆ ಕೈಹಾಕಿದರೆ ಹಾಗಾಗುತ್ತದೆ.

ಬ್ರುಸೆಲ್ಲಾ, ಲಿಸ್ಟೀರಿಯಾಗಳು ವಾರಗಳ ಮೇಲೆ ಕಾಣಿಸಿಕೊಳ್ಳುವುದರಿಂದ ತಿಂದದ್ದೇ ಮರೆತಿರುತ್ತದೆ. ಲಿಸ್ಟೀರಿಯಾ 70 ದಿನಗಳವರೆಗೂ ತಡವಾಗಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಇದ್ದರೆ ವೈದ್ಯರು ಕೇಳುವವರೆಗೂ ಕಾಯದೆ ‘ಹಸಿ ಹಾಲು ಕುಡಿದಿದ್ದೆ, ಮನೆಯಲ್ಲಿ ಆಡು ಇವೆ’ ಎಂದು ಮೊದಲೇ ಹೇಳಿ. ನಮ್ಮ ಭಾವನ ಎರಡು ತಿಂಗಳು ಈ ಒಂದು ಮಾತಿಲ್ಲದೆ ಹೋದವು. ಬ್ರುಸೆಲ್ಲಾಕ್ಕೆ ಎರಡು ಔಷಧಿ ಸೇರಿಸಿ ಸಾಮಾನ್ಯವಾಗಿ ಆರು ವಾರ ಕೊಡುತ್ತಾರೆ. ಎರಡನೇ ವಾರಕ್ಕೇ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ಮತ್ತೆ ಮರಳುತ್ತದೆ.

ಒಂದೇ ಚೀಸ್ ತಿಂದ ಇಬ್ಬರು ಮೂವರಿಗೆ ಹೀಗಾದರೆ ಉಳಿದ ತುಂಡನ್ನು ಪೊಟ್ಟಣದ ಸಮೇತ ಫ್ರಿಜ್ಜಿನಲ್ಲಿಟ್ಟು, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿ.

ಕೊಟ್ಟಿಗೆ ಇರುವವರು ಕಂದು ಹಾಕಿದ ಪ್ರಾಣಿಯನ್ನು ಬೇರೆ ಕಟ್ಟಿ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಸತ್ತೆ (ಮಾಸು), ಸತ್ತ ಮರಿ, ಒದ್ದೆಯಾದ ಹುಲ್ಲು ಎಲ್ಲವನ್ನೂ ಕೈಗವಸು ಹಾಕಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ನಾಯಿಗಳು ಎಳೆದಾಡದಂತೆ ಮೇಲೆ ಕಲ್ಲು ಹೇರಬೇಕು. ಅಕ್ಕನ ರೊಪ್ಪದ ಗೂಟಕ್ಕೆ ಈಗ ಒಂದು ಜೊತೆ ರಬ್ಬರ್ ಕೈಗವಸು ಸದಾ ನೇತಾಡುತ್ತಿರುತ್ತದೆ. ಭಾವ ಮೊದಲು ನಕ್ಕರು. ಹೋದ ಸಲ ಹೋದಾಗ ಹೊಸ ಜೊತೆ ತಂದುಕೊಡೆಂದು ಅವರೇ ಕೇಳಿದರು, ಹಳೆಯದರ ಹೆಬ್ಬೆರಳು ಹರಿದಿತ್ತು.